‘ಬಾ’ ಅಂದರೆ ಅಲ್ಲಿ ಅಜ್ಜಿ

ನಾನು ವಿಯೆಟ್ನಾಮಿಗೆ ಹೋಗಿದ್ದು ನೋಡುವುದಕ್ಕಲ್ಲ, ಮಗಳನ್ನು ಕರೆದುಕೊಂಡು ಬರುವುದಕ್ಕೆ. ವಾಪಸ್ಸು ಬಂದಾಗಿನಿಂದ ಕಟ್ಟೆಮಳಲವಾಡಿಯಲ್ಲಿ ಸಿಕ್ಕವರೆಲ್ಲ ‘ಏನೇನ್ ನೋಡ್ದೆ, ಸಮುದ್ರ ನೋಡ್ದಾ, ಅಲ್ಲಿ ಆವು ಕಪ್ಪೆ ಎಲ್ಲ ತಿಂತಾರಂತೆ ನಿಜ್ವಾ’ ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಒಂದೇ ಸಲ ಬರೆದು ಹಾಕುತ್ತಿದ್ದೇನೆ. ಓದಿಕೊಳ್ಳಿ. ಆಮೇಲೆ ನನ್ನನ್ನು ದಾರಿಯಲ್ಲಿ ನಿಲ್ಲಿಸಬೇಡಿ.

ವಿಷಯ ಇಷ್ಟು. ನನ್ನ ಕಿರಿಮಗಳು ಕಾವ್ಯ, ಅವಳ ಗಂಡ ಮಹೇಶ, ಇಬ್ಬರೂ ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ಅವಳು ಮೊದಲು ಹುಣಸೂರಿನ ಕಾನ್ವೆಂಟಿನಲ್ಲಿ ಟೀಚರಾಗಿದ್ದಳು. ಅವನು ಅಂತರಸಂತೆ ಕಡೆಯವನು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಅಲ್ಲಿಗೆ ಹೋದ ಮೇಲೆ ಬಸಿರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾಯಿ ಮಾಡಬೇಕು. ಇದೇನು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಫೋನಿನಲ್ಲಿ ಹೇಳಿದರೆ ‘ನೋಡಾನ ಇರವ್ವ’ ಅನ್ನುತ್ತಿದ್ದಳು. ತಿಂಗಳು ತುಂಬುತ್ತ ಬಂದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವಂತೆ. ಇವಳ ‘ನೋಡಾನ’ ನಂಬಿ ಕೂತರೆ ಆಗುವುದಿಲ್ಲ ಎಂದು ನಾನೇ ಹೊರಟೆ.

ಹನೋಯ್, ಇಳಿದ ದಿನ

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚಳಿ, ಪಕ್ಕದವನ ಗೊರಕೆ, ಒಂದು ಹಿಡಿ ಅನ್ನ.

ಇಳಿದ ಮೇಲೆ ಗಾಜಿನ ಗೂಡಿನಲ್ಲಿ ಕೂತಿದ್ದ ಹುಡುಗ ಏನೋ ಕೇಳಿದ. ‘ಟೂರಿಸ್ಟ್ ಅಂತ ಮಾತ್ರ ಏಳು, ಬಾಣಂತನ ಗೀಣಂತನ ಅಂತ ಬಾಯಿ ಬುಡ್ಬೇಡ’ ಎಂದು ಕಾವ್ಯ ಫೋನಿನಲ್ಲಿ ಕಲಿಸಿದ್ದಳು. ಟೂರಿಸ್ಟ್ ಅಂದೆ. ಅವನು ನನ್ನ ಸೀರೆ, ಹವಾಯಿ ಚಪ್ಪಲಿ, ಕೈಯಲ್ಲಿದ್ದ ಗಂಟು ನೋಡಿ ಮುದ್ರೆ ಒತ್ತಿದ. ಮುಂದೆ ಇನ್ನೊಬ್ಬಳು ಗಂಟು ಬಿಚ್ಚಿಸಿ ರಾಗಿಹಿಟ್ಟನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ‘ತಿನ್ನವ್ವ, ಸಾಯಕಿಲ್ಲ’ ಅಂದೆ. ಅವಳು ತಿನ್ನಲಿಲ್ಲ, ಆದರೆ ಬಿಟ್ಟಳು.

ಹೊರಗೆ ಅಳಿಯ ಕಾಯುತ್ತಿದ್ದ. ಬಸ್ಸಿಗೆ ಹೊತ್ತಿದೆ, ಊರು ನೋಡೋಣ ಬನ್ನಿ ಎಂದು ಪೇಟೆಗೆ ಕರೆದುಕೊಂಡು ಹೋದ. ಅಲ್ಲಿ ರಸ್ತೆ ತುಂಬ ಸ್ಕೂಟರು. ನಮ್ಮಲ್ಲಿ ಹೊಗೆಸೊಪ್ಪಿನ ಹರಾಜಿನ ದಿನ ಟ್ರ್ಯಾಕ್ಟರು ಸಾಲುಗಟ್ಟುತ್ತವಲ್ಲ, ಅವಕ್ಕಾದರೂ ಒಂದು ಸಾಲು ಅಂತ ಇರುತ್ತದೆ. ಇಲ್ಲಿ ಅದೂ ಇಲ್ಲ. ಒಬ್ಬನ ಹಿಂದೆ ಹಂದಿ, ಒಬ್ಬಳ ಹಿಂದೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ.

“ಅತ್ತೆ, ನಿಲ್ಬೇಡಿ, ಓಡ್ಲೂಬೇಡಿ. ಮೆಲ್ಲಗೆ ನಡೀತಾ ಇರಿ. ಅವ್ರೇ ಸುತ್ಕೊಂಡು ಓಯ್ತಾರೆ.”

“ಯಾರಪ್ಪ ಏಳಿದ್ದು ನಿಮ್ಗೆ?”

“ಇಲ್ಲಿ ಎಲ್ರೂ ಅಂಗೇ ದಾಟೋದು.”

ನಾನು ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಹಿಡಿದೆ.

“ಅತ್ತೆ, ಅದು ಕೆಂಪು ಬಸ್ಸಲ್ಲ! ನಡೀರಿ!”

ಒಬ್ಬನೂ ನಿಲ್ಲಿಸಲಿಲ್ಲ. ಒಬ್ಬನೂ ತಾಕಿಸಲೂ ಇಲ್ಲ, ಬೈಯಲೂ ಇಲ್ಲ. ಹುಣಸೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ನನ್ನ ಅಪ್ಪ ಅಮ್ಮ ಇಬ್ಬರನ್ನೂ ಎಳೆದಿರುತ್ತಿದ್ದರು.

ನಾಮ್ ದಿನ್, ಮಗಳ ಮನೆ

ಹನೋಯ್‌ನಿಂದ ಕೆಳಕ್ಕೆ ಬಸ್ಸಿನಲ್ಲಿ ಹೋದರೆ ಅವರ ಊರು. ಹೆಸರು ನಾಮ್ ದಿನ್. ಅವರು ಇರುವುದು ಮಹಡಿಯ ಮೇಲೆ. ಕೆಳಗೆ ಮನೆ ಯಜಮಾನಿ, ಗಂಡ ಸತ್ತವಳು, ಒಬ್ಬಳೇ. ನಾವು ಹೋಗುತ್ತಿದ್ದಂತೆ ಬಾಗಿಲಿಗೆ ಬಂದಳು. ನನ್ನಷ್ಟೇ ಕುಳ್ಳಿ, ನನ್ನಷ್ಟೇ ವಯಸ್ಸು, ಹೂವಿನ ಚಿತ್ರದ ಪೈಜಾಮ.

ನನ್ನ ಮಗಳು ಆ ವಯಸ್ಸಾದವಳಿಗೆ ನೇರವಾಗಿ “ಬಾ, ಬಾ ಹ್ವಾ” ಅಂದಳು.

ನನಗೆ ನಾಚಿಕೆಯಾಯಿತು. “ಏನೇ ಇದು? ದೊಡ್ಡೋರ್ನ ಬಾ ಬಾ ಅಂತೀಯಲ್ಲ. ಬನ್ನಿ ಅನ್ನಕಾಗಕಿಲ್ವಾ? ಕಾನ್ವೆಂಟಲ್ಲಿ ಇದೇನಾ ಕಲ್ಸಿದ್ದು?”

ಕಾವ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅವ್ವ, ಬಾ ಅಂದ್ರೆ ಇಲ್ಲಿ ಅಜ್ಜಿ ಅಂತ. ಹ್ವಾ ಅವ್ರ ಹೆಸ್ರು. ಹ್ವಾ ಅಜ್ಜಿ ಅಂತ ಕರ್ದಿದ್ದು.”

ಅದು ಸರಿಯೇ ಇರಬಹುದು. ನನ್ನ ಬಾಯಿಗೆ ಬರಲಿಲ್ಲ. ನಾನು ‘ಬನ್ನಿ ಹ್ವಾ’ ಎಂದೇ ಕರೆದೆ. ಮಹೇಶ ಬೇಡ ಅಂದ, ಬಿಡಲಿಲ್ಲ.

ಅವಳು ಮೊದಲು ಕೇಳಿದ್ದು ನನ್ನ ವಯಸ್ಸು. ನೀರು ಕೊಟ್ಟಿಲ್ಲ, ಕೂರು ಅಂದಿಲ್ಲ, ವಯಸ್ಸು! ಎದುರಿನವರು ಅಕ್ಕನೋ ತಂಗಿಯೋ ಗೊತ್ತಾಗದೆ ಅಲ್ಲಿ ಮಾತೇ ಶುರುವಾಗುವುದಿಲ್ಲವಂತೆ. ನಾನು ಹುಟ್ಟಿದ ವರ್ಷ ನನಗೇ ಗೊತ್ತಿಲ್ಲ, ಪಾಸ್‌ಪೋರ್ಟಿನಲ್ಲಿ ಇರುವುದು ಯಾವುದೋ ಮೇಷ್ಟರು ಅಂದಾಜಿನಲ್ಲಿ ಬರೆದದ್ದು. ಕಾವ್ಯ ಅದನ್ನೇ ಹೇಳಿದಳು. ಹ್ವಾ ಲೆಕ್ಕ ಹಾಕಿ, ಎದೆ ತಟ್ಟಿಕೊಂಡು ತಾನು ಅಕ್ಕ ಅಂದಳು. ಮೇಷ್ಟರ ಒಂದು ಗೀಚಿನಿಂದ ನಾನು ಪರದೇಶದಲ್ಲಿ ತಂಗಿಯಾದೆ.

ಅವಳ ನಡುಮನೆಯಲ್ಲಿ ಗಂಡನ ಫೋಟೊ, ಅದರ ಮುಂದೆ ಊದಿನಕಡ್ಡಿ, ಹಣ್ಣು, ಬಿಸ್ಕತ್ತು, ಒಂದು ಡಬ್ಬಿ ಬಿಯರು. ನಾವು ಮಹಾಲಯ ಅಮಾವಾಸ್ಯೆಗೆ ಒಂದು ದಿನ ಎಡೆ ಹಾಕಿ, ಬೀಡಿ ಬ್ರಾಂದಿ ಇಟ್ಟು ಕಳಿಸಿಬಿಡುತ್ತೇವೆ. ಇವರು ವರ್ಷವೆಲ್ಲ ಸಾಕುತ್ತಾರೆ.

ಊಟದ ಮಾತು ಬೇಡ. ಅನ್ನಕ್ಕೆ ಸಾರಿಲ್ಲ. ಕಲಸಿ ತಿನ್ನೋಣ ಅಂದರೆ ಕೈಗೆ ಎರಡು ಕಡ್ಡಿ. ದನದ ಮುಂದೆ ಸುರಿದ ಹಾಗೆ ಹಸಿಸೊಪ್ಪು ತಂದು ಇಡುತ್ತಾರೆ. ಮೀನು ನನಗೆ ಇಷ್ಟವೇ, ಆದರೆ ಅದನ್ನು ಕೊಳೆಸಿದ ನೀರನ್ನು ಎಲ್ಲದಕ್ಕೂ ಸುರಿದರೆ ಯಾರಿಗೆ ಬೇಕು.

ಶಾಲೆ

ಒಂದು ದಿನ ನನ್ನನ್ನೂ ಶಾಲೆಗೆ ಕರೆದುಕೊಂಡು ಹೋದರು. ಗೇಟಿನ ಮೇಲೆ ದೊಡ್ಡ ಬೋರ್ಡು, ಅದರಲ್ಲಿ ಹಲ್ಲು ಕಿರಿಯುತ್ತಿರುವ ಬಿಳಿ ಹೆಂಗಸು.

“ಯಾರೇ ಇವ್ಳು?”

“ಯಾರೋ. ಇಲ್ಲಿಲ್ಲ. ಇಂಗ್ಲಿಷ್ ಅಂದ್ರೆ ಬಿಳಿ ಮುಖ ಇರ್ಬೇಕು ಅಂತಾರೆ ಅವ್ವ ಮಕ್ಕಳ ಅಪ್ಪ ಅಮ್ಮಂದ್ರು.”

ಪಾಠ ಮಾಡುವುದು ನನ್ನ ಮಗಳು, ಬೋರ್ಡಿನಲ್ಲಿ ಅವಳು. ನನಗೆ ಮೈ ಉರಿಯಿತು. ಕಾವ್ಯ ಮಾತ್ರ ತನ್ನ ಪಾಡಿಗೆ ಒಳಗೆ ಹೋಗಿ, ಹೊಟ್ಟೆ ಮುಂದೆ ಮಾಡಿಕೊಂಡು ನಿಂತು, ಮಕ್ಕಳ ಕೈಲಿ ಏನೇನೋ ಹಾಡಿಸಿದಳು. ಮಕ್ಕಳು ಕಲಿಯುತ್ತವೆ, ಸುಳ್ಳು ಹೇಳಬಾರದು. ಅಳಿಯ ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟು ತೋರಿಸುತ್ತಾನೆ, ಅವು ಹಾಗೇ ಇಟ್ಟು ಉಗುಳು ಹಾರಿಸುತ್ತವೆ. ಮಧ್ಯಾಹ್ನ ಊಟವಾದ ಮೇಲೆ ಮಕ್ಕಳು, ಆಯಾ, ವಾಚ್‌ಮನ್ ಎಲ್ಲರೂ ಚಾಪೆ ಹಾಸಿ ಮಲಗಿಬಿಟ್ಟರು. ಬೀದಿಗೆ ಬಂದು ನೋಡಿದರೆ ಅಂಗಡಿಯವನೂ ಮಲಗಿದ್ದಾನೆ. ಇಡೀ ಊರಿನಲ್ಲಿ ಎಚ್ಚರವಾಗಿದ್ದವಳು ನಾನೊಬ್ಬಳೇ. ಯಾರನ್ನು ಬೈಯುವುದು?

ಊರಿಗೆ ಹೊರಡುವ ಮಾತು ಎತ್ತಿದಾಗಲೆಲ್ಲ ಕಾವ್ಯ “ನಿನ್ ಬಿನ್ ಅಂತ ಒಂದೂರೈತೆ, ವಾರದ ಕೊನೇಲಿ ಓಗಾನ, ಅಲ್ಲಿ ಮಾತಾಡಾನ” ಅನ್ನುತ್ತಿದ್ದಳು. ಗಂಡ ಹೆಂಡತಿ ಪ್ರತಿ ವಾರ ಎಲ್ಲಿಗಾದರೂ ಹೋಗುತ್ತಾರೆ. ಶನಿವಾರ ಭಾನುವಾರ ಮನೆಯಲ್ಲಿ ಕೂತರೆ ಏನೋ ರೋಗ ಬರುವ ಹಾಗೆ.

ಶುಕ್ರವಾರ, ಹೊರಡುವಾಗ

ಅವರಿಬ್ಬರೂ ಶಾಲೆಯಲ್ಲಿದ್ದರು. ಬಾಡಿಗೆ ಕಾರು ನನ್ನನ್ನು ಹತ್ತಿಸಿಕೊಂಡು, ಆಮೇಲೆ ಶಾಲೆಯಿಂದ ಅವರನ್ನು ಹತ್ತಿಸಿಕೊಳ್ಳುವುದು ಅಂತ ಮಾತಾಗಿತ್ತು. ನಾನು ಚೀಲ ಹಿಡಿದು ಕೆಳಗೆ ಇಳಿದರೆ ಹ್ವಾ ಅಡ್ಡ ನಿಂತಳು. ನನ್ನ ಕೈ ಹಿಡಿದು ಫೋಟೊ ತೋರಿಸಿದಳು, ಗೋಡೆಯ ಕ್ಯಾಲೆಂಡರು ತೋರಿಸಿದಳು, ಅಡುಗೆಮನೆ ತೋರಿಸಿದಳು, ಉದ್ದಕ್ಕೆ ಏನೋ ಹೇಳಿದಳು. ಗಂಡ ಹೇಗೆ ಸತ್ತ ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ. ಗಂಡ ಸತ್ತವರು ನನ್ನಂಥ ಗಂಡ ಸತ್ತವಳಿಗೆ ಅದನ್ನೇ ತಾನೆ ಹೇಳುವುದು. ಲೊಚಗುಟ್ಟಿದೆ.

ಕಾರಿನವನು ಹಾರನ್ ಹೊಡೆದ. “ಬತ್ತೀನಿ ಕಣಕ್ಕ” ಅಂದೆ.

ಅವಳು ಅರ್ಥವಾಗದೆ ನೋಡಿದಳು. ಕಾವ್ಯ ನನಗೊಂದು ಫೋನು ಕೊಟ್ಟಿದ್ದಳು. ನಾವು ಕನ್ನಡದಲ್ಲಿ ಹೇಳಿದರೆ ಅದು ಅವರ ಮಾತಿನಲ್ಲಿ ಹೇಳುತ್ತದೆ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಆಗುವುದಿಲ್ಲ, ವಾರ್ತೆ ಓದುವವರ ಹಾಗೆ ಹೇಳಬೇಕು. ಅದಕ್ಕೆ ಬಾಯಿ ಹತ್ತಿರ ಹಿಡಿದು, “ಬರುತ್ತೇನೆ” ಅಂದೆ. ಫೋನು ಹೇಳಿತು. ಹ್ವಾ ಮುಖ ಅರಳಿತು. ಎರಡೂ ಕೈಯಲ್ಲಿ ನನ್ನ ಕೈ ಒತ್ತಿದಳು. ಮನೆಯಿಂದ ಹೊರಟವರು ಬರುತ್ತೇನೆ ಅಂದರೆ ಇಷ್ಟು ಸಂತೋಷ ಪಡುವವಳನ್ನು ನಾನು ಕಂಡಿರಲಿಲ್ಲ. ಕಾರು ಹತ್ತಿದೆ.

ಶನಿವಾರ, ನಿನ್ ಬಿನ್

ಗದ್ದೆಯ ನಡುವೆ ಹೊಳೆ, ಹೊಳೆಯ ಎರಡೂ ಕಡೆ ನೆಟ್ಟಗೆ ಎದ್ದ ಕಲ್ಲುಬೆಟ್ಟ. ಗದ್ದೆ ನಮ್ಮ ಕೆ.ಆರ್. ನಗರದ ನಾಲೆ ಕೆಳಗಿನ ಗದ್ದೆಯ ಹಾಗೇ ಇದೆ. ಅದನ್ನು ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂದೆ. ಮಿರ್ಲೆಯಲ್ಲಿ ನನ್ನ ತಂಗಿ ಇದ್ದಾಳೆ, ಬಸ್ಸು ಹತ್ತಿದರೆ ಗದ್ದೆ ಸಿಗುತ್ತದೆ, ಊಟವೂ ಸಿಗುತ್ತದೆ.

ದೋಣಿಯಲ್ಲಿ ನಾನು, ಕಾವ್ಯ, ನಡೆಸುವ ಹೆಂಗಸು. ಮಹೇಶ ಫೋಟೊ ತೆಗೆಯುತ್ತೇನೆ ಎಂದು ದಡದಲ್ಲೇ ಉಳಿದ. ಈಗ ಅನ್ನಿಸುತ್ತದೆ, ಅದು ಅವರಿಬ್ಬರೂ ಮೊದಲೇ ಮಾತಾಡಿಕೊಂಡದ್ದು. ದೋಣಿಯವಳು ಹಿಂದಕ್ಕೆ ಒರಗಿ, ಎರಡೂ ಕಾಲೆತ್ತಿ, ಕಾಲಲ್ಲೇ ಹುಟ್ಟು ಹಾಕತೊಡಗಿದಳು. ಅಂಗಾಲು ನನ್ನ ಮುಖಕ್ಕೆ ನೇರ. ಕೈ ಖಾಲಿ ಇತ್ತಲ್ಲ, ಒಂದರಲ್ಲಿ ಫೋನು ನೋಡುತ್ತ, ಇನ್ನೊಂದರಲ್ಲಿ ನನಗೆ ಕಸೂತಿ ಬಟ್ಟೆ ಮಾರಲು ನೋಡಿದಳು.

“ಕಾಲ್ ಇಳ್ಸಕೆ ಏಳೇ ಅವಳ್ಗೆ.”

“ಅವ್ವ, ಅದ್ನ ಬುಡು. ನಾನೊಂದು ಏಳ್ಬೇಕು.” ಕಾವ್ಯ ನೀರು ನೋಡುತ್ತ ಹೇಳಿದಳು. “ನಾನು ಊರ್ಗೆ ಬರಕಿಲ್ಲ. ಇಲ್ಲೇ ಹೆರ್ತೀನಿ.”

“ಏನಂದೆ?”

“ನಾನು ಊರ್ಗೋಗಿ ಕೂತ್ರೆ ಶಾಲೆಯವ್ರು ಬೇರೆ ಜೋಡೀನ ತಕ್ಕೋತಾರೆ.”

“ತಕ್ಕಳ್ಲಿ. ಬೋರ್ಡಲ್ಲಿ ಒಬ್ಳು ನಿಂತವ್ಳಲ್ಲ, ಅವ್ಳೇ ಪಾಠ ಮಾಡ್ಲಿ.”

“ಅದೊಂದೇ ಅಲ್ಲ ಕಣವ್ವ. ಊರಲ್ಲಿ ನೋಡಕೆ ಬಂದೋರೆಲ್ಲ ಯಾವ ಡಾಕ್ಟ್ರು, ಯಾವ ದೇವ್ರು, ಇಷ್ಟ್ ದಿನ ಯಾರಲ್ಲಿ ದೋಸ ಇತ್ತು ಅಂತ ಕೇಳ್ತಾರೆ. ನಂಗೆ ಆಗಕಿಲ್ಲ.”

ಕೇಳುವುದು ನಿಜ. ಆದರೂ ಬಿಡಲಿಲ್ಲ.

“ಬಾಣಂತನ ಯಾರ್ ಮಾಡ್ತಾರೆ? ನಿನ್ ಗಂಡ್ನಾ?”

“ಬಾ ಹ್ವಾ ಮಾಡ್ತೀನಿ ಅಂದವ್ರೆ. ಮಾತಾಗೈತೆ.”

“ಅವ್ಳ್ಯಾರೇ ನಿಂಗೆ? ನಾನ್ ಬದ್ಕಿರುವಾಗ ಮನೆ ಬಾಡ್ಗೆ ಕೊಟ್ಟೋಳು ಬಾಣಂತನ ಮಾಡ್ಬೇಕಾ?”

ದೋಣಿಯಲ್ಲಿ ಜಗಳ ಆಡಬಾರದು. ಎದ್ದು ಹೋಗುವುದಕ್ಕೆ ಜಾಗ ಇರುವುದಿಲ್ಲ. ಬೆಟ್ಟದ ಕೆಳಗಿನ ಕತ್ತಲೆ ಗವಿಯೊಳಗೆ ದೋಣಿ ನುಗ್ಗಿದಾಗಲೂ ನಾವು ಕೂಗಾಡುತ್ತಲೇ ಇದ್ದೆವು. ದೋಣಿಯವಳು ಹೆದರಿ ಕಾಲು ಇಳಿಸಿ ಕೈಯಲ್ಲಿ ಹುಟ್ಟು ಹಿಡಿದಳು. ಆ ಪ್ರವಾಸದಲ್ಲಿ ನನ್ನ ಮಾತು ನಡೆದದ್ದು ಅದೊಂದೇ.

ಭಾನುವಾರ ವಾಪಸ್ಸು, ಸೋಮವಾರ

ಭಾನುವಾರ ಬಂದಾಗ ಹ್ವಾ ಬಾಗಿಲು ತೆರೆಯಲಿಲ್ಲ. ದಿನಾ ಬೆಳಗ್ಗೆ ಕಾವ್ಯನಿಗೆ ಒಂದು ಬಟ್ಟಲು ಗಂಜಿ ಮೆಟ್ಟಿಲ ಮೇಲೆ ಇಡುತ್ತಿದ್ದವಳು ಸೋಮವಾರ ಇಡಲಿಲ್ಲ. ಕಾವ್ಯ ಕೆಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಕೆಂಪು ಕಣ್ಣು ಮಾಡಿಕೊಂಡು ಮೇಲೆ ಬಂದಳು.

“ಅವ್ವ, ನೀನು ಅವ್ರಿಗೆ ಬತ್ತೀನಿ ಅಂದಿದ್ಯಾ?”

“ಊಂ ಕಣೆ. ಮನೆಯಿಂದ ಓಗೋವಾಗ ಬತ್ತೀನಿ ಅನ್ದೆ ಓಯ್ತೀನಿ ಅಂತ ಅಂದಾರಾ?”

“ಶನಿವಾರ ಅವ್ರ ಗಂಡ ಸತ್ತ ದಿನ. ವರ್ಷದ ಎಡೆ. ನಮ್ಮಿಬ್ರಿಗೂ ಬರಕಾಗಕಿಲ್ಲ ಅಂತ ನಾನು ಏಳಿದ್ದೆ. ಅದ್ಕೇ ನೀನಾದ್ರೂ ಇರ್ತೀಯಾ ಅಂತ ಕೇಳವ್ರೆ. ನೀನು ಬತ್ತೀನಿ ಅಂದೆ. ಕಾರಲ್ಲಿ ಓದೋಳು ಬಂದೇ ಬತ್ತಾಳೆ ಅಂತ ಕಾದವ್ರೆ. ನೆಂಟರನ್ನೆಲ್ಲ ಕೂರ್ಸಿ, ಯಾರ್ಗೂ ಉಣ್ಣಕೆ ಬುಡ್ದೆ ಕಾದವ್ರೆ. ಅವ್ರ ಮೈದುನಂದ್ರು ಬೈದು ಎದ್ದೋದ್ರಂತೆ.”

ಸತ್ತವನ ಊಟಕ್ಕೆ ಅಡ್ಡ ಬಂದದ್ದು ನಾನು. ಯಾರಾದರೂ ನನ್ನ ಗಂಡನ ಎಡೆಗೆ ಹೀಗೆ ಮಾಡಿದ್ದರೆ ನಾನು ಅವರ ಮನೆಯ ಕಡೆ ತಲೆ ಹಾಕಿ ಮಲಗುತ್ತಿರಲಿಲ್ಲ.

“ಈಗ ಬಾಣಂತನದ ಮಾತು ಅವ್ರತ್ರ ಯಾವ ಮುಖ ಇಟ್ಕಂಡು ಎತ್ಲಿ? ನಂಗೆ ಇನ್ನ್ಯಾರವ್ವ ಅವ್ರೆ ಇಲ್ಲಿ?”

“ಇಲ್ಲಿ ಯಾರೂ ಇಲ್ಲ ಅಂದ್ಮೇಲೆ ನಡಿ ಊರ್ಗೆ.”

ಕಾವ್ಯ ಮೂಗು ಒರೆಸಿಕೊಂಡಳು. ಆಮೇಲೆ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದಳು. “ಆಯ್ತು, ನಡಿ” ಅಂದಳು.

ನನ್ನ ಕೆಲಸ ಆಗಿತ್ತು. ನಾನು ಬಂದದ್ದು ಅದಕ್ಕೇ. ಬಾಯಿ ಮುಚ್ಚಿಕೊಂಡು ಬಟ್ಟೆ ಮಡಿಸಿಕೊಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಎಡೆ

ಮಂಗಳವಾರ ಬೆಳಗ್ಗೆ ಅಳಿಯನ ಕೈಲಿ ಒಂದು ಕೋಳಿ ತರಿಸಿದೆ.

“ಏನ್ ಅತ್ತೆ, ವಿಶೇಷ?”

“ನಿಮ್ಗಲ್ಲ. ಸತ್ತೋರ್ಗೆ.”

ಸಾರು ಮಾಡಿದೆ, ಮುದ್ದೆ ತಿರುವಿದೆ. ಫೋನು ಮೇಲೆಯೇ ಬಿಟ್ಟೆ, ಅದರ ಸಹವಾಸ ಸಾಕಾಗಿತ್ತು. ಕೆಳಗೆ ಹೋಗಿ ಬಾಗಿಲು ಬಡಿದೆ, ತೆರೆಯುವವರೆಗೂ ಬಡಿದೆ. ಹ್ವಾ ತೆರೆದು ನನ್ನ ಮುಖ ನೋಡಿ ಮತ್ತೆ ಮುಚ್ಚಲು ಹೋದಳು. ನಾನು ಮೊಣಕೈ ಅಡ್ಡ ಕೊಟ್ಟು ಒಳಗೆ ಹೋದೆ. ಗಂಡನ ಫೋಟೊ ಮುಂದೆ ಮುದ್ದೆ ಇಟ್ಟೆ, ಸಾರು ಇಟ್ಟೆ, ಊದಿನಕಡ್ಡಿ ಹಚ್ಚಿದೆ. “ತಡ ಆಯ್ತು ಕಣಣ್ಣ. ತಪ್ಪು ನಂದು, ಇವಳ್ದಲ್ಲ. ಉಣ್ಣು” ಎಂದು ಜೋರಾಗಿ ಹೇಳಿದೆ.

ಆಮೇಲೆ ಹ್ವಾಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದು ಬಾಗಿಲು ಮುಚ್ಚಿದೆ. ಅವಳಿಗೆ ಗಾಬರಿ. ತನ್ನ ಮನೆಯಿಂದ ತನ್ನನ್ನೇ ಹೊರಗೆ ಹಾಕುತ್ತಿದ್ದಾಳೆ ಅಂದುಕೊಂಡಳೋ ಏನೋ, ಬಾಗಿಲು ತಳ್ಳಿದಳು. ನಾನು ಕೈಯನ್ನು ಬಾಯಿಗೆ ಒಯ್ದು, ಅವನು ಉಣ್ಣುತ್ತಿದ್ದಾನೆ ಎಂದು ತೋರಿಸಿದೆ. ನಮ್ಮಲ್ಲಿ ಹಿರಿಯರು ಉಣ್ಣುವಾಗ ಬಾಗಿಲು ಮುಚ್ಚಿ ಹೊರಗಿರುತ್ತೇವೆ, ಎದುರಿಗೆ ಕೂತು ಬಾಯಿ ನೋಡುವುದಿಲ್ಲ. ಅವಳು ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ನಾನೂ ಕೂತೆ. ಬೀದಿಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು.

ಒಳಗೆ ಹೋದ ಮೇಲೆ ಅವಳು ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡಳು. ಬೇಡ ಬೇಡ ಅನ್ನುವಷ್ಟರಲ್ಲಿ ಅಗಿದೇ ಬಿಟ್ಟಳು. ಕಟ್ಟಿಸಿಕೊಂಡ ಹಲ್ಲು ಮುದ್ದೆಗೆ ಅಂಟಿಕೊಂಡು ಆಚೆಗೆ ಬಂತು. ಅವಳು ಹಲ್ಲು ಕೈಯಲ್ಲಿ ಹಿಡಿದು ನಕ್ಕಳು ನೋಡಿ, ಬೀದಿಯವರು ಇಣುಕಿ ನೋಡುವ ಹಾಗೆ.

ನೀರು

ಅಲ್ಲಿಗೆ ಮುಗಿಸಿ ಮೇಲೆ ಬರಬೇಕಿತ್ತು. ನಗು ಕೇಳಿ ಕಾವ್ಯ ಇಳಿದು ಬಂದಳು. ಹ್ವಾ ಅವಳ ಹೊಟ್ಟೆ ಮುಟ್ಟಿ ಏನೋ ಕೇಳಿದಳು. ಊರಿಗೆ ಹೋಗುತ್ತಿದ್ದೇನೆ ಎಂದು ಕಾವ್ಯ ಹೇಳಿದಳು. ಹ್ವಾ ಮುಖ ಗಂಟಾಯಿತು. ಬಾಣಂತಿಗೆ ಮಂಚದ ಕೆಳಗೆ ಕೆಂಡ, ಕಿವಿಗೆ ಹತ್ತಿ, ಮೆಣಸು ಹಾಕಿದ ಊಟ, ಎಲ್ಲ ತಾನೇ ಮಾಡುತ್ತಿದ್ದೆ ಅಂದಳಂತೆ. ಕೆಂಡ, ಹತ್ತಿ, ಮೆಣಸು ಎಲ್ಲ ನಮ್ಮದೇ. ಪರವಾಗಿಲ್ಲ, ತಿಳಿದವಳು ಅಂದುಕೊಂಡೆ.

“ನೀರು ದಿನಾ ಉಯ್ತಾಳಾ ಕೇಳು” ಅಂದೆ.

ಕಾವ್ಯ ಕೇಳಿದಳು. ಕೇಳಿ, ಹೇಳಲು ಹಿಂದೆಮುಂದೆ ನೋಡಿದಳು. “ಒಂದ್ ತಿಂಗ್ಳು ನೀರೇ ಮುಟ್ಟಂಗಿಲ್ಲವಂತೆ ಅವ್ವ. ತಣ್ಣಗಾಯ್ತದಂತೆ.”

“ಒಂದ್ ತಿಂಗ್ಳು? ಬಾಣಂತಿ? ನೀರಿಲ್ದೆ?” ನಾನು ಎದ್ದು ನಿಂತೆ. ಎಣ್ಣೆ ಹಚ್ಚಿ, ಕುದಿಯುವ ನೀರು ಹುಯ್ದು, ಸೊಂಟಕ್ಕೆ ಬಟ್ಟೆ ಬಿಗಿದರೆ ತಾನೆ ಹೆತ್ತ ಮೈ ಕೂಡುವುದು! ಕೈಯಲ್ಲಿ ನೀರು ಹುಯ್ಯುವ ಹಾಗೆ ಮಾಡಿ ತೋರಿಸಿದೆ. ಅವಳು ಎದ್ದು, ಮೈ ನಡುಗಿಸಿ, ಬಾಣಂತಿ ಸಾಯುವುದನ್ನು ತೋರಿಸಿದಳು. ನಾನು ನಾಲ್ಕು ಹೆತ್ತೆ ಎಂದು ಬೆರಳು ತೋರಿಸಿದೆ. ಅವಳು ಐದು ತೋರಿಸಿದಳು. ನಾನು ಮೊಮ್ಮಕ್ಕಳನ್ನು ಎಣಿಸತೊಡಗಿದೆ. ಅವಳು ಎದೆ ತಟ್ಟಿಕೊಂಡು ಕೂಗಿದಳು.

“ಏನಂತೆ ಅವಳ್ದು?”

“ನಾನು ಅಕ್ಕ, ನನ್ ಮಾತ್ ನಡೀಬೇಕು ಅಂತವ್ರೆ.”

ಆ ಮೇಷ್ಟರು ಬದುಕಿದ್ದಿದ್ದರೆ ಅಂದು ನನ್ನ ಕೈಗೆ ಸಿಗಬೇಕಿತ್ತು.

ಮಧ್ಯಾಹ್ನ ಇಡೀ ಊರು ಮಲಗಿದರೂ ಹ್ವಾ ಮಲಗಲಿಲ್ಲ. ಹಿತ್ತಲಿನಿಂದ ಯಾವ ಯಾವುದೋ ಸೊಪ್ಪು ಕಿತ್ತು ತಂದು ನನ್ನ ಮೂಗಿಗೆ ಹಿಡಿದಳು. ಒಂದು ನಿಂಬೆಹುಲ್ಲು, ಒಂದು ನಮ್ಮ ಲಕ್ಕಿಸೊಪ್ಪಿನ ಹಾಗಿತ್ತು. ಇವನ್ನು ಕುದಿಸಿದ ನೀರಾದರೆ ಆಗಬಹುದು, ಆದರೆ ಹತ್ತು ದಿನ ಕಳೆದ ಮೇಲೆ ಅಂದಳು. ನಾನು ಮೂರು ಅಂದೆ. ಹಸು ಮಾರುವವರ ಹಾಗೆ ಬೆರಳು ಮಡಿಸಿ ಬಿಚ್ಚಿ ಐದಕ್ಕೆ ನಿಂತೆವು. ತಲೆಗೆ ಮಾತ್ರ ತಿಂಗಳು ಆಗುವವರೆಗೂ ಇಲ್ಲ ಅಂದಳು, ಅದರಲ್ಲಿ ಅವಳು ಬಗ್ಗಲೇ ಇಲ್ಲ. ಕಾವ್ಯ ನಡುವೆ ಕೂತು ಇಬ್ಬರ ಮಾತನ್ನೂ ಆ ಕಡೆ ಈ ಕಡೆ ಹೇಳಿ ಹೇಳಿ ಸುಸ್ತಾದಳು. ಅವಳ ಬಾಣಂತನ, ಅವಳನ್ನು ಒಂದು ಮಾತು ಯಾರೂ ಕೇಳಲಿಲ್ಲ.

ಐದು ಎಂದು ಕೈ ಮೇಲೆ ಕೈ ಹಾಕಿದ ಮೇಲೆ ನನಗೆ ಹೊಳೆಯಿತು, ನಾನು ಏನು ಮಾಡಿಬಿಟ್ಟೆ ಅಂತ. ಕಾವ್ಯ ನನ್ನನ್ನೇ ನೋಡುತ್ತಿದ್ದಳು.

“ಅವ್ವ, ಅಂಗಾದ್ರೆ ನಾನು...”

“ಸುಮ್ನಿರು. ಮೇಲೋಗಿ ಆ ಸೂಟ್‌ಕೇಸ್ ಬಿಚ್ಚು, ಬಟ್ಟೆ ಮುದುರಿಕೊಳ್ತದೆ.”

ಇಷ್ಟು ಖಡಕ್ ಹೆಂಗಸಿನ ಕೈಗೆ ಬಿಟ್ಟರೆ ಮೋಸವಿಲ್ಲ ಎಂದು ಗೊತ್ತಾಯಿತು, ಅಷ್ಟೇ. ಅದಕ್ಕಾಗಿ ನನಗೆ ಸಂತೋಷವೇನೂ ಆಗಲಿಲ್ಲ.

ಕಟ್ಟೆಮಳಲವಾಡಿ

ಹೆರಿಗೆಗೆ ಇನ್ನೂ ದಿನ ಇತ್ತು, ಅಷ್ಟರಲ್ಲಿ ವೀಸಾ ಮುಗಿಯಿತು, ಬಂದೆ. ಮಗ ಬೆಂಗಳೂರಿಗೆ ಜೀಪು ತಂದು ಕರೆದುಕೊಂಡು ಬಂದ. ಕಾವ್ಯ ಬರುವುದಿಲ್ಲ ಎಂದು ಫೋನಿನಲ್ಲೇ ಅವನಿಗೆ ಹೇಳಿದ್ದೆ, ಅವನು ಮನೆಯಲ್ಲಿ ಹೇಳಲು ಮರೆತಿದ್ದ. ಸೊಸೆ ಬಚ್ಚಲು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿದ್ದಳು. ಒಲೆಯ ಪಕ್ಕ ಬಾಣಂತನಕ್ಕೆ ಆಗುವಷ್ಟು ಸೌದೆ ಒಟ್ಟಿತ್ತು. ಬಚ್ಚಲಿನಲ್ಲಿ ಮಣೆ ಹಾಕಿತ್ತು.

ಅವಳು ನನ್ನ ಹಿಂದೆ ನೋಡಿದಳು. ಜೀಪಿನಲ್ಲಿ ನೋಡಿದಳು.

“ಅತ್ತೆ, ಕಾವ್ಯ ಎಲ್ಲಿ?”

“ಬರ್ನಿಲ್ಲ.”

“ಮತ್ತೆ ಇದೆಲ್ಲ?”

“ಒಲೆ ಹಚ್ಚವ್ವ” ಅಂದೆ. “ಮೈಯೆಲ್ಲ ನೋಯ್ತಾ ಅದೆ. ನಾನೇ ಉಯ್ಕೋತೀನಿ.”